ಮಲೆನಾಡಿನ ಸೀಸನ್ನು ಯಾರದು?

ಮನುಷ್ಯರಂತೆ ಮಾತುಗಳಿಗೂ ಕಾಲಕಾಲಕ್ಕೆ ವೇಷ ಬದಲಾಗುತ್ತದೆ. 'ಸೀಸನ್' ಎಂಬ ಮಾತನ್ನೇ ನೋಡಿ. ಸಕಲೇಶಪುರದ ಕಡೆಯ ಹಿರಿಯರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ: ಕಾಫಿ ಹಣ್ಣು ಕೊಯ್ಯುವ ಕಾಲ. ನವೆಂಬರ್ ಕಳೆಯುತ್ತಿದ್ದಂತೆ ಅರೇಬಿಕಾ ಕೆಂಪಾಗುತ್ತದೆ. ಅದರ ಬೆನ್ನಿಗೇ ರೋಬಸ್ಟಾ ಬರುತ್ತದೆ. ಕಣದ ತುಂಬ ಹಣ್ಣು ಹರಡುತ್ತದೆ. ಆಳು ಸಿಗದೆ ತೋಟದ ಯಜಮಾನರು ಊರೂರು ಅಲೆಯುತ್ತಾರೆ. ಈಗ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ಸೀಸನ್ ಯಾವಾಗ ಎಂದು ಕೇಳಿದರೆ 'ಜೂನ್‌ನಿಂದ ಸೆಪ್ಟೆಂಬರ್' ಎಂಬ ಉತ್ತರ ಬರುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಕಾರುಗಳು ಶನಿವಾರ ಬೆಳಕು ಹರಿಯುವ ಮೊದಲೇ ಹೇಮಾವತಿ ಸೇತುವೆಯನ್ನು ದಾಟಿರುತ್ತವೆ. ಊರೆಲ್ಲ ಕದ ಮುಚ್ಚಿ ಒಲೆಯ ಮುಂದೆ ಕೂರುತ್ತಿದ್ದ ಕಾಲವೇ ಊರಿಗೆ ಜನ ನುಗ್ಗುವ ಕಾಲವಾಗಿ ಬಿಟ್ಟಿದೆ.

ಈ ವಿಷಯದಲ್ಲಿ ನಮ್ಮ ಕಾಲೇಜಿನಲ್ಲಿ ಎರಡು ಪಕ್ಷಗಳಿವೆ. ಪ್ರವಾಸಿಗಳೇ ಬೇಡ, ಬೆಟ್ಟ ಹಾಳಾಯಿತು ಎನ್ನುವವರು ಒಂದು ಕಡೆ; ಬರಲಿ, ನಾಲ್ಕು ಕಾಸು ಸಿಗಲಿ ಎನ್ನುವವರು ಇನ್ನೊಂದು ಕಡೆ. ಈ ಸಂತೋಷದಲ್ಲಿ ಊರಿನವರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಎರಡು ಪಕ್ಷದವರೂ ಕೇಳಿದಂತೆ ಕಾಣುವುದಿಲ್ಲ.

ಮಳೆಗಾಲದ ಮೋಜು ನಗರದವರು ಕಂಡುಹಿಡಿದ ವಸ್ತುವೇನೂ ಅಲ್ಲ. ಮೃಗಶಿರಾ ಮಳೆಗೆ ಹಳ್ಳ ತುಂಬಿ ಹತ್ತುಮೀನು ಗದ್ದೆಗೆ ಏರುವ ರಾತ್ರಿ ಬ್ಯಾಟರಿ ಹಿಡಿದು ನೀರಿಗಿಳಿದವನನ್ನು ಕೇಳಿ ನೋಡಿ. ಏಡಿ ಹಿಡಿಯುವುದು, ಅಣಬೆ ಹುಡುಕುವುದು, ಕಳಲೆ ತರುವುದು, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಕೆಸುವಿನೆಲೆಯ ಪತ್ರೊಡೆ, ಬಿಸಿ ಕಡುಬು, ಇವಕ್ಕೆ ಟಿಕೆಟ್ ಇಲ್ಲ. ಕಾಲಿಗೆ ಹತ್ತಿದ ಇಂಬಳವನ್ನು ಸುಣ್ಣ ಹಚ್ಚಿ ಬಿಡಿಸುವುದರಲ್ಲಿಯೂ ನಮ್ಮ ಹುಡುಗರಿಗೆ ಒಂದು ಬಗೆಯ ಪಾಂಡಿತ್ಯವಿದೆ. ಇನ್ನು, ಮಳೆ ಜೋರಾಯಿತೆಂದು ಜಿಲ್ಲಾಧಿಕಾರಿಗಳು ಸಾರುವ ರಜೆಯ ಆನಂದವನ್ನು ಈ ಪುಟಗಳಲ್ಲಿ ವರ್ಣಿಸಿದರೆ ಉಪನ್ಯಾಸಕರು ಮುನಿದಾರು. ಆದರೆ ಈ ಸುಖವನ್ನೆಲ್ಲ ನಾವು ಹಳ್ಳಿಯ ಕ್ಷುಲ್ಲಕ ವಿಷಯವೆಂದು ಮುಚ್ಚಿಟ್ಟುಕೊಳ್ಳುತ್ತೇವೆ. ಬೆಂಗಳೂರಿನವನು ಬಂದು ಇವುಗಳಲ್ಲಿ ಒಂದನ್ನು ಕಂಡು ಬೆರಗಾದಾಗ ಮಾತ್ರ ಅದು ನಮಗೂ ದೊಡ್ಡದಾಗಿ ಕಾಣುತ್ತದೆ.

ದೂರದ ನಾಡೊಂದರ ನಿದರ್ಶನವನ್ನು ಇಲ್ಲಿ ತರಲು ವಾಚಕರು ಅಪ್ಪಣೆ ಕೊಡಬೇಕು. ಜಪಾನಿನ ಹಿಮದ ಬೆಟ್ಟಗಳಿಗೂ ನಮ್ಮ ಮಳೆಯ ಬೆಟ್ಟಗಳಿಗೂ ಒಂದು ನೆಂಟಸ್ತಿಕೆಯುಂಟು. ಚಳಿಗಾಲದಲ್ಲಿ ಸೈಬೀರಿಯಾದ ಒಣಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ನೀರನ್ನು ಹೀರಿಕೊಂಡು, ಎದುರಿನ ಬೆಟ್ಟಸಾಲಿಗೆ ಬಡಿದು, ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಗಾಳಿ ಬಿಸಲೆ, ಶಿರಾಡಿಗಳ ಗೋಡೆಗೆ ಬಡಿದು ಮಳೆಯಾಗುವುದೂ ಇದೇ ಕ್ರಮದಿಂದ. ಅಲ್ಲಿಯವರಿಗೂ ಮೊದಲು ಅದು ಬರಿಯ ಪೀಡೆ. ಮಾಡಿನ ಮೇಲೆ ಕೂತ ಹಿಮವನ್ನು ಸಲಿಕೆಯಿಂದ ತಳ್ಳದಿದ್ದರೆ ಮನೆಯೇ ಕುಸಿಯುವ ಭಯ. 1911ರಲ್ಲಿ ಲೆರ್ಖ್ ಎಂಬ ಆಸ್ಟ್ರಿಯಾದ ಸೇನಾಧಿಕಾರಿ ತಕಾದಾ ಎಂಬ ಊರಿನಲ್ಲಿ ಜಪಾನಿನ ಸೈನಿಕರಿಗೆ ಸ್ಕೀ ಕಲಿಸಿದ. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಈ ವಿದ್ಯೆ ಅಲ್ಲಿಂದ ಹಳ್ಳಿಗಳಿಗೆ ಹಬ್ಬಿತು. ನಾಗಾನೊ ಪ್ರಾಂತದ ನೊಜಾವಾ ಓನ್‌ಸೆನ್ ಎಂಬ ಹಳ್ಳಿಯವರು 1923ರಲ್ಲಿಯೇ ತಮ್ಮದೊಂದು ಸ್ಕೀ ಸಂಘವನ್ನು ಕಟ್ಟಿಕೊಂಡರು. ಅಂದರೆ, ನೆಂಟರು ಬಂದು ಜಾರುವುದನ್ನು ನೋಡುತ್ತ ನಿಲ್ಲದೆ ತಾವೇ ಮೊದಲು ಜಾರಿದರು. ಆ ಊರಿನ ಹದಿಮೂರು ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಗಳನ್ನು ಇಂದಿಗೂ ಕೇರಿಯವರೇ ಸರದಿಯಂತೆ ತೊಳೆದು ನೋಡಿಕೊಳ್ಳುತ್ತಾರೆ; ಬಂದವರೂ ಅಲ್ಲಿ ಮೀಯಬಹುದು, ಊರಿನ ಕಟ್ಟಳೆಗೆ ಒಳಪಟ್ಟು. ಸೀಸನ್ನಿನ ನಟ್ಟನಡುವೆ, ಜನವರಿ 15ರಂದು, ಊರಿನ ಬೆಂಕಿಯ ಹಬ್ಬ. ನಲವತ್ತೆರಡು ವಯಸ್ಸಿನ ಗಂಡಸರು ಮರದ ದೊಡ್ಡ ಮಂಟಪದ ಮೇಲೆ ಕೂರುತ್ತಾರೆ, ಇಪ್ಪತ್ತೈದರವರು ಕೆಳಗೆ ನಿಂತು ಕಾಯುತ್ತಾರೆ, ಉಳಿದ ಹಳ್ಳಿಗರು ಪಂಜು ಹಿಡಿದು ಅದನ್ನು ಸುಡಲು ನುಗ್ಗುತ್ತಾರೆ. ದುಡ್ಡು ಕೊಟ್ಟು ಬಂದವನು ಎಷ್ಟೇ ಸಿರಿವಂತನಾಗಲಿ, ಅಂದು ಅವನು ಬರಿಯ ಪ್ರೇಕ್ಷಕ.

ಅದೇ ದೇಶದ ಉತ್ತರದ ನಿಸೆಕೊ ಇನ್ನೊಂದು ದಾರಿ ಹಿಡಿಯಿತು. ಈ ಶತಮಾನದ ಆರಂಭದಿಂದ ಆಸ್ಟ್ರೇಲಿಯಾದವರೂ ಆಮೇಲೆ ಇತರರೂ ಬಂದು ಭೂಮಿ ಕೊಂಡು ಹೋಟೆಲು ಕಟ್ಟಿದರು, ಬೆಲೆ ಏರಿತು, ಬೆಟ್ಟದ ಬುಡದ ಅಂಗಡಿಯ ಊಟ ಅಲ್ಲಿಯ ಸಾಮಾನ್ಯನ ಕೈಗೆ ಎಟುಕದಂತಾಯಿತು. ನಾವು ಈಗ ನಿಂತಿರುವುದು ಈ ಎರಡು ದಾರಿಗಳು ಕವಲೊಡೆಯುವ ಜಾಗದಲ್ಲಿ ಎಂದು ನನ್ನ ಅಭಿಪ್ರಾಯ.

ನಮ್ಮ ಕಡೆ ನಡೆಯುತ್ತಿರುವುದೇನು? ಹೋಂಸ್ಟೇ ಎಂಬ ಹೆಸರೇನೋ ಚೆನ್ನಾಗಿದೆ. ಮನೆಯವರೇ ಬಡಿಸಿ, ಮನೆಯವರೇ ಮಾತಾಡಿಸುವ ಮನೆಗಳು ಇವೆ. ಅವರ ಅಕ್ಕಿ ರೊಟ್ಟಿ ತಿಂದವರು ಮತ್ತೆ ಬರುತ್ತಾರೆ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಈ ಆದಾಯ ಎಷ್ಟೋ ಸಣ್ಣ ಬೆಳೆಗಾರರ ಕೈಹಿಡಿದಿದೆ. ಜೀಪು ಓಡಿಸುವ ನಮ್ಮ ಊರಿನ ಹುಡುಗರೂ ಇದರಿಂದ ಬದುಕಿದ್ದಾರೆ. ಆದ್ದರಿಂದ ಪ್ರವಾಸಿಗಳೇ ಬೇಡವೆನ್ನುವ ಪಕ್ಷಕ್ಕೆ ನನ್ನ ಮತವಿಲ್ಲ. ಆದರೆ ಮನೆಯೇ ಇಲ್ಲದ ಹೋಂಸ್ಟೇಗಳೂ ಇವೆ: ಯಜಮಾನ ನಗರದಲ್ಲಿ, ಕಾವಲುಗಾರ ಇಲ್ಲಿ, ಧ್ವನಿವರ್ಧಕ ಹಳ್ಳದ ಪಕ್ಕದಲ್ಲಿ. ಲೈನ್ ಮನೆಯ ಹೆಂಗಸು ಹಗಲೆಲ್ಲ ಕೊಪ್ಪೆ ಹೊದ್ದು ಗದ್ದೆ ನಾಟಿ ಮಾಡಿ ಬಂದು, ರಾತ್ರಿ ಈ ಗದ್ದಲದಲ್ಲಿ ಮಲಗಬೇಕು. ಜಪಾನಿನ ರೈತನಿಗೆ ಹಿಮಗಾಲ ಬಿಡುವಿನ ಕಾಲ. ನಮಗೆ ಪುನರ್ವಸು, ಪುಷ್ಯ ಮಳೆಗಳೇ ಬೆವರಿನ ಕಾಲ. ಈ ಅಂತರವನ್ನು ಮರೆತು ಹೊರಗಿನ ಮಾದರಿಯನ್ನು ತಂದು ನೆಡಲಾಗದು.

ಅಪಾಯದ ಮಾತೂ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿ. ಮೀ. ಘಟ್ಟದ ರೈಲುದಾರಿಯಲ್ಲಿ 57 ಸುರಂಗಗಳಿವೆ. 1996ರಲ್ಲಿ ಅಗಲ ಹಳಿ ಹಾಕಲು ಈ ದಾರಿಯನ್ನು ಮುಚ್ಚಿದಾಗ ಹಳಿಯ ಮೇಲೆ ನಡೆಯುವವರಿಗೆ ಅದು ಸ್ವರ್ಗವಾಯಿತು. 2006ರಲ್ಲಿ ಸರಕು ಗಾಡಿಗಳೂ 2007ರ ಕೊನೆಗೆ ಪ್ರಯಾಣಿಕರ ಗಾಡಿಗಳೂ ಓಡತೊಡಗಿದವು; ನಡೆಯುವವರ ಉತ್ಸಾಹ ಮಾತ್ರ ಇಳಿಯಲಿಲ್ಲ. ಹಳಿಯ ಮೇಲೆ ನಡೆಯುವುದು ಅಪರಾಧ. ಸುರಂಗದೊಳಗೆ ಗಾಡಿ ಎದುರಾದರೆ ಓಡಲು ಜಾಗವೂ ಇಲ್ಲ. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಗಾಡಿಗಳು ನಿಂತು ಹೋದುದನ್ನು ನಾವೆಲ್ಲ ಬಲ್ಲೆವು. ನೋಡುವ ಆಸೆಯಿದ್ದರೆ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿ 2021ರಿಂದ ಇದೇ ದಾರಿಗೆ ಬಂದಿದೆ.

ಇನ್ನು ಆನೆ. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ ಆಲೂರು, ಸಕಲೇಶಪುರದ ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು, ಆದರೂ ಆನೆಗಳಿವೆ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿಯಿತು. ಸಂಜೆಯಾದರೆ ತೋಟದ ದಾರಿಯಲ್ಲಿ ಕಾಲಿಡಲು ಕೂಲಿಯವರು ಹೆದರುವ ಊರಿನಲ್ಲಿ, ನಡುರಾತ್ರಿ ಕಾರು ನಿಲ್ಲಿಸಿ ಹಾಡು ಹಾಕುವವರಿಗೆ ಬುದ್ಧಿ ಹೇಳುವವರು ಯಾರು? ಈ ವಿಷಯದಲ್ಲಿ ಆಲೂರಿನ ಪಾಲು ವಿಚಿತ್ರ: ಪ್ರವಾಸಿ ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತಾನೆ, ಆನೆ ಮಾತ್ರ ನಿಲ್ಲುತ್ತದೆ.

ಬುದ್ಧಿ ಹೇಳುವ ಅಧಿಕಾರ ಊರಿನವರಿಗೆ ಬರಬೇಕು. ಬಿಸಲೆಯಿಂದ ಎದುರಿಗೆ ಕಾಣುವ ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜನಜಂಗುಳಿಯಾದ ಮೇಲೆ ಸರಕಾರ ಚಾರಣಕ್ಕೆ ಮುಂಗಡ ಚೀಟಿಯನ್ನೂ ಜನರ ಮಿತಿಯನ್ನೂ ಗೊತ್ತುಮಾಡಿತು. ಅದೇ ಕ್ರಮ ನಮ್ಮ ಗುಡ್ಡಗಳಿಗೂ ಬರಲಿ. ಚೀಟಿಯ ಹಣದ ಒಂದು ಪಾಲು ಗ್ರಾಮ ಪಂಚಾಯಿತಿಗೆ ಸೇರಲಿ. ಊರಿನ ಮಾರ್ಗದರ್ಶಿಯಿಲ್ಲದೆ ಯಾರೂ ಏರದಿರಲಿ. ಆ ಮಾರ್ಗದರ್ಶಿ ನಮ್ಮ ಕಾಲೇಜಿನ ಹುಡುಗನೋ ಹುಡುಗಿಯೋ ಏಕಾಗಬಾರದು? ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಏಕೆ ಕಟ್ಟಿಸಿದನೆಂದು ಚರಿತ್ರೆಯ ವಿದ್ಯಾರ್ಥಿಯೇ ಹೇಳಲಾರದೆ ಹೋದರೆ, ಹೊರಗಿನವನು ತಪ್ಪು ಹೇಳಿದನೆಂದು ಗೊಣಗುವುದು ನ್ಯಾಯವಲ್ಲ. ಯುಗಾದಿಯ ಆಸುಪಾಸಿನ ಸುಗ್ಗಿ ಹಬ್ಬವನ್ನಂತೂ ಊರು ತನ್ನದಾಗಿಯೇ ಇಟ್ಟುಕೊಳ್ಳಲಿ. ಬಂದವರು ದೂರ ನಿಂತು ನೋಡಲಿ. ನೊಜಾವಾದವರು ಸಂಕೋಚಪಡುವುದಿಲ್ಲ, ನಾವೇಕೆ ಪಡಬೇಕು?

ನಮ್ಮ ಸಂತೋಷಕ್ಕೆ ನಾವೇ ಮೊದಲು ಇಳಿಯೋಣವೆಂದು ಕೆಲವು ಗೆಳೆಯರು ಕೂಡಿ ಬರುವ ಪುಷ್ಯ ಮಳೆಯಲ್ಲಿ ಕೆಸರುಗದ್ದೆಯ ಆಟಗಳನ್ನು ಏರ್ಪಡಿಸಲು ಯೋಚಿಸಿದ್ದೇವೆ. ಆಲೂರಿನ ಕಡೆಯ ಸಹಪಾಠಿಯೊಬ್ಬನ ತಂದೆ ಗದ್ದೆ ಕೊಡಲು ಒಪ್ಪಿದ್ದಾರೆ; ಉಳುಮೆಗೂ ನಾಟಿಗೂ ನಡುವೆ ಎರಡೇ ದಿನ ಬಿಡುವು. ಹಗ್ಗ ಜಗ್ಗಾಟದಲ್ಲಿ ಒಂದು ತುದಿಯನ್ನು ಉಪನ್ಯಾಸಕರಿಗೆಂದು ಬಿಟ್ಟಿದ್ದೇವೆ. ಹೆಸರು ಕೊಡುವವರು ಮಳೆ ಹಿಡಿಯುವುದಕ್ಕೆ ಮುಂಚೆ ಕೊಡಬೇಕು.