ಹೆರಿಗೆ ಕೋಣೆ ಕಲಿಸುವ ಪಾಠ

ಕರ್ನಾಟಕದಲ್ಲಿ ಇಂದು ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇಡೀ ದೇಶದಲ್ಲಿ 2005–06ರಲ್ಲಿ ಶೇ 39ರ ಆಸುಪಾಸಿನಲ್ಲಿದ್ದ ಈ ಪ್ರಮಾಣ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 89ನ್ನು ಮುಟ್ಟಿತು. ಜನನಿ ಸುರಕ್ಷಾ ಯೋಜನೆಯ ಸಹಾಯಧನ, ಆಶಾ ಕಾರ್ಯಕರ್ತೆಯರ ಓಡಾಟ, ಕರೆದರೆ ಬರುವ 108 ಆಂಬುಲೆನ್ಸ್ ಎಲ್ಲ ಸೇರಿ ಇದನ್ನು ಸಾಧಿಸಿದವು. ಫಲವೂ ಕಣ್ಣೆದುರಿಗಿದೆ. ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 2004–06ರಲ್ಲಿ ರಾಜ್ಯದ 213 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ಸಾಧನೆಯನ್ನು ಯಾರೂ ಕಡೆಗಣಿಸಬಾರದು. ಆದರೆ ಮನೆಯಲ್ಲಿ ಹೆರುತ್ತಿದ್ದ ಹೆಂಗಸನ್ನು ಆಸ್ಪತ್ರೆಗೆ ಬರುವಂತೆ ಒಲಿಸಿದ ಸಮಾಜಕ್ಕೆ, ಅಲ್ಲಿ ಅವಳನ್ನು ಹೇಗೆ ನಡೆಸಿಕೊಳ್ಳಲಾಗುತ್ತದೆ ಎಂದು ಕೇಳುವ ಹೊಣೆಯೂ ಇದೆ. ಹೆರಿಗೆ ಕೋಣೆಯಲ್ಲಿ ತಾಯಂದಿರು ಅನುಭವಿಸುವ ಬೈಗುಳ, ಹೊಡೆತ, ಅವಮಾನಗಳು ಕೆಲವು ಕೆಟ್ಟ ಮನುಷ್ಯರ ಸ್ವಭಾವದಿಂದ ಹುಟ್ಟಿದವಲ್ಲ. ಬಹುಪಾಲು ಅವು ಕಲಿತು ಬಂದವು, ಅದೂ ವೈದ್ಯಕೀಯ ಮತ್ತು ನರ್ಸಿಂಗ್ ಶಿಕ್ಷಣದ ಒಳಗೇ ಕಲಿತು ಬಂದವು. ಆದ್ದರಿಂದ ತಡೆಯುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಈ ದೌರ್ಜನ್ಯದ ರೂಪಗಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಅನೇಕ ಹೆಂಗಸರಿಗೆ ಗೊತ್ತು. ನೋವಿಗೆ ಕೂಗಿದರೆ 'ಗಂಡನ ಜೊತೆ ಮಲಗುವಾಗ ನೋವಾಗಲಿಲ್ಲವಾ' ಎಂಬ ಮಾತು, ಮುಕ್ಕುವುದು ಸಾಲದೆಂದು ತೊಡೆಗೆ ಏಟು, ಪರದೆಯಿಲ್ಲದ ಮಂಚ, ಹೇಳದೆ ಕೇಳದೆ ನಡೆಯುವ ಒಳಪರೀಕ್ಷೆ, ಮರಗಟ್ಟುವ ಚುಚ್ಚುಮದ್ದಿಲ್ಲದೆ ಹಾಕುವ ಹೊಲಿಗೆ. ಇದು ನಮ್ಮೊಬ್ಬರ ಪಾಡಲ್ಲ. ಘಾನಾ, ಗಿನಿ, ಮ್ಯಾನ್ಮಾರ್ ಮತ್ತು ನೈಜೀರಿಯಾಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರು ಸುಮಾರು ಎರಡು ಸಾವಿರ ಹೆರಿಗೆಗಳನ್ನು ಪಕ್ಕದಲ್ಲೇ ನಿಂತು ಗಮನಿಸಿದರು. ಶೇ 40ಕ್ಕೂ ಹೆಚ್ಚು ತಾಯಂದಿರು ಹೊಡೆತ, ಬೈಗುಳ ಅಥವಾ ತಾರತಮ್ಯಕ್ಕೆ ಗುರಿಯಾಗಿದ್ದರು. ಹೆರಿಗೆ ದಾರಿಯನ್ನು ಕತ್ತರಿಸಿ ಅಗಲಿಸಿದ ಪ್ರಕರಣಗಳಲ್ಲಿ ಮುಕ್ಕಾಲು ಪಾಲಿನಲ್ಲಿ ತಾಯಿಯ ಒಪ್ಪಿಗೆ ಕೇಳಿರಲಿಲ್ಲ. ಎಳೆಯ ವಯಸ್ಸಿನವರು ಮತ್ತು ಓದಿಲ್ಲದವರು ಹೆಚ್ಚು ಅನುಭವಿಸಿದ್ದರು. ಎಲ್ಲ ತಾಯಂದಿರಿಗೂ ರೂಢಿಯಂತೆ ಕತ್ತರಿ ಹಾಕಬಾರದು, ಮಗು ಹೊರಬರಲೆಂದು ಹೊಟ್ಟೆಯನ್ನು ಮೇಲಿನಿಂದ ಒತ್ತಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದರೆ ತಾಯಿಗೆ ಹಿಂಸೆಯಾಗಿ ಕಾಣುವ ಎಷ್ಟೋ ಕ್ರಮಗಳು ವಿಜ್ಞಾನದ ದೃಷ್ಟಿಯಿಂದಲೂ ತಪ್ಪು ಕ್ರಮಗಳೇ.

ಇವನ್ನು ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಆದರೂ ವಿದ್ಯಾರ್ಥಿಗಳು ಕಲಿಯುತ್ತಾರೆ. ಎಂಬಿಬಿಎಸ್ ಓದುವ ಹುಡುಗಿಯೋ ಹುಡುಗನೋ ಮೊದಲ ಸಲ ಲೇಬರ್ ರೂಮಿಗೆ ಕಾಲಿಟ್ಟಾಗ ಪುಸ್ತಕ ಹೇಳಿದ್ದಕ್ಕಿಂತ ಹೆಚ್ಚಾಗಿ ಪಿ.ಜಿ. ವಿದ್ಯಾರ್ಥಿ ಏನು ಮಾಡುತ್ತಾರೆ, ಹಿರಿಯ ಸ್ಟಾಫ್ ನರ್ಸ್ ಹೇಗೆ ಮಾತನಾಡುತ್ತಾರೆ ಎಂಬುದನ್ನು ನೋಡುತ್ತಾರೆ. ಗದರುವವರು ಚುರುಕಿನವರೆಂದೂ ಸಮಾಧಾನ ಹೇಳುತ್ತಾ ನಿಂತವರು ಕೆಲಸ ತಿಳಿಯದವರೆಂದೂ ಅಲ್ಲಿ ಎಣಿಕೆಯಾದರೆ, ಕಲಿಯುವವರು ಯಾವ ದಾರಿ ಹಿಡಿಯುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಮೇಲೆ ಬೆಳಕು ಚೆಲ್ಲುತ್ತದೆ. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಹಾಗೆಯೇ ಇದ್ದ ಅವರ ಸಹಾನುಭೂತಿಯ ಅಳತೆ ಮೂರನೆಯ ವರ್ಷದಲ್ಲಿ ಗಣನೀಯವಾಗಿ ಕುಸಿಯಿತು. ಅವರು ತರಗತಿಯಿಂದ ವಾರ್ಡಿಗೆ ಬಂದು ರೋಗಿಗಳ ನಡುವೆ ಕೆಲಸ ಕಲಿಯತೊಡಗಿದ್ದು ಆ ವರ್ಷವೇ. ಜೊತೆಗೆ ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಇನ್ನೊಂದು ಅಸಮಾನತೆಯಿದೆ. ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಒಳಪರೀಕ್ಷೆ ಮಾಡಿ ಕೈ ಪಳಗಿಸಿಕೊಳ್ಳುವುದು ಹೆಚ್ಚಾಗಿ ಬಡ ಹೆಂಗಸರ ಮೈಮೇಲೆ. ಬೇಡ ಎಂದರೆ ಚಿಕಿತ್ಸೆಯೇ ಸಿಗಲಿಕ್ಕಿಲ್ಲ ಎಂಬ ಭಯದಲ್ಲಿ ಅವರು ಸುಮ್ಮನಿರುತ್ತಾರೆ. ಆ ಮೌನವನ್ನು ಒಪ್ಪಿಗೆ ಎಂದು ಓದಲು ಒಮ್ಮೆ ಕಲಿತ ವೈದ್ಯರು ಮುಂದೆ ಇಡೀ ವೃತ್ತಿಜೀವನದಲ್ಲಿ ಹಾಗೆಯೇ ಓದುತ್ತಾರೆ.

ಸರ್ಕಾರ ಮತ್ತು ವೈದ್ಯಕೀಯ ಶಿಕ್ಷಣದ ಹಿರಿಯರು ಇದನ್ನು ಕಂಡೇ ಇಲ್ಲ ಎನ್ನಲಾಗದು. 2017ರ ಕೊನೆಯಲ್ಲಿ ಆರಂಭವಾದ ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟದಲ್ಲಿ ತಾಯಿಯ ಗೌರವವನ್ನೂ ಸೇರಿಸಿತು. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ವರ್ತನೆ, ನೀತಿ ಮತ್ತು ಸಂವಹನಕ್ಕೆಂದೇ 'ಏಟ್‌ಕಾಮ್' ಎಂಬ ಭಾಗವಿದೆ. ಆದರೆ ತರಗತಿಯಲ್ಲಿ ನೀತಿ ಕಲಿಸಿ ಹೆರಿಗೆ ಕೋಣೆಯಲ್ಲಿ ಅದಕ್ಕೆ ವಿರುದ್ಧವಾದುದನ್ನು ತೋರಿಸಿದರೆ ಗೆಲ್ಲುವುದು ತೋರಿಸಿದ್ದೇ. ಆದ್ದರಿಂದ ಗೌರವವನ್ನು ಕೌಶಲವೆಂದು ಎಣಿಸಿ, ಹೊಲಿಗೆ ಹಾಕುವುದನ್ನು ಕಲಿಸುವಷ್ಟೇ ಶಿಸ್ತಿನಿಂದ ಕಲಿಸಬೇಕು. ಪ್ರತಿ ಒಳಪರೀಕ್ಷೆಗೆ ಮೊದಲು ತನ್ನ ಹೆಸರು ಹೇಳಿ, ಏನು ಮಾಡಲಿದ್ದೇನೆಂದು ತಿಳಿಸಿ, ಒಪ್ಪಿಗೆ ಪಡೆದು, ಪರದೆ ಎಳೆಯುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕವಿರುವ ಹಂತಗಳಾಗಬೇಕು. ವಿದ್ಯಾರ್ಥಿ ಮೊದಲು ಮಾದರಿ ಗೊಂಬೆಯ ಮೇಲೆ ಕೈ ಪಳಗಿಸಿಕೊಳ್ಳಬೇಕು. ಒಬ್ಬ ತಾಯಿಯನ್ನು ಎಷ್ಟು ಜನ ಪರೀಕ್ಷಿಸಬಹುದು ಎಂಬುದಕ್ಕೆ ಮಿತಿ ಇರಬೇಕು. ಲಾಗ್‌ಬುಕ್ಕಿನಲ್ಲಿ ಎಷ್ಟು ಹೆರಿಗೆ ನೋಡಿದೆ ಎಂಬುದರ ಜೊತೆಗೆ ಆ ತಾಯಿ ಏನು ಹೇಳಿದಳು ಎಂಬುದಕ್ಕೂ ಜಾಗವಿರಬೇಕು. ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಅಭ್ಯಾಸ ಮಾಡಬೇಕು, ಏಕೆಂದರೆ ಹೆರಿಗೆ ಕೋಣೆಯಲ್ಲಿ ಒಬ್ಬರು ಕೈಯೆತ್ತಿದಾಗ ತಡೆಯಬೇಕಾದವರು ಇನ್ನೊಬ್ಬರು. ಹಿರಿಯರ ತಪ್ಪು ನಡವಳಿಕೆಯನ್ನು ತಿಳಿಸಿದ ಕಿರಿಯರ ಇಂಟರ್ನಲ್ ಅಂಕಕ್ಕೆ ಪೆಟ್ಟು ಬೀಳದಂತೆ ರಕ್ಷಣೆಯೂ ಬೇಕು.

ಇದಕ್ಕೆ ಮೊದಲು ಬರುವ ಆಕ್ಷೇಪ, ತೊಂದರೆ ಇರುವುದು ತರಬೇತಿಯಲ್ಲಲ್ಲ, ಸಿಬ್ಬಂದಿಯ ಕೊರತೆಯಲ್ಲಿ ಎಂಬುದು. ಒಂದು ಪಾಳಿಯಲ್ಲಿ ಇಬ್ಬರೇ ನರ್ಸ್‌ಗಳು ಹತ್ತಾರು ಬಾಣಂತಿಯರನ್ನು ನೋಡಿಕೊಳ್ಳಬೇಕಾದಾಗ, ನಿದ್ದೆಯಿಲ್ಲದ ಪಿ.ಜಿ. ವಿದ್ಯಾರ್ಥಿ ಮೂವತ್ತಾರು ಗಂಟೆ ಡ್ಯೂಟಿಯಲ್ಲಿರುವಾಗ ತಾಳ್ಮೆಯ ಪಾಠ ಹೇಳುವುದು ಅನ್ಯಾಯವೆಂದು ಈ ಆಕ್ಷೇಪ ಎತ್ತುವವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಸಿಬ್ಬಂದಿಯನ್ನು ತುಂಬದೆ, ಮಂಚಗಳನ್ನು ಹೆಚ್ಚಿಸದೆ ಬರೀ ತರಬೇತಿ ಕೊಟ್ಟು ಸರ್ಕಾರ ಕೈತೊಳೆದುಕೊಳ್ಳಬಾರದು. ಆದರೆ ಆಯಾಸವೊಂದೇ ಕಾರಣವಾಗಿದ್ದರೆ ಬೈಗುಳ ಎಲ್ಲರ ಮೇಲೂ ಸಮನಾಗಿ ಬೀಳಬೇಕಿತ್ತು. ಅದು ಬೀಳುವುದು ಬಡವಳ ಮೇಲೆ, ದಲಿತಳ ಮೇಲೆ, ನಾಲ್ಕನೆಯ ಮಗುವನ್ನು ಹೆರಲು ಬಂದವಳ ಮೇಲೆ. ಪರಿಚಿತ ಅಧಿಕಾರಿಯ ಸೊಸೆ ಬಂದರೆ ಅದೇ ಸಿಬ್ಬಂದಿ ಅದೇ ಆಯಾಸದಲ್ಲಿ ಮೃದುವಾಗಿ ಮಾತನಾಡುತ್ತಾರೆ. ಕೊರತೆ ಸಿಟ್ಟನ್ನು ಹುಟ್ಟಿಸಬಹುದು. ಆ ಸಿಟ್ಟು ಯಾರ ಮೇಲೆ ಹರಿಯಬಹುದು ಎಂಬುದನ್ನು ಕಲಿಸುವುದು ರೂಢಿ. ರೂಢಿ ಬದಲಾಗಬಲ್ಲದು ಎಂಬುದಕ್ಕೂ ಪುರಾವೆಯಿದೆ. ಕೀನ್ಯಾದ 13 ಆಸ್ಪತ್ರೆಗಳಲ್ಲಿ ನಡೆದ 'ಹೇಶಿಮಾ' ಯೋಜನೆಯಲ್ಲಿ ಸಿಬ್ಬಂದಿಗೆ ತರಬೇತಿ, ಆಡಳಿತದ ಮೇಲ್ವಿಚಾರಣೆ, ಸಮುದಾಯದೊಡನೆ ಮಾತುಕತೆ ಮೂರೂ ಒಟ್ಟಿಗೆ ನಡೆದವು. ಅವಮಾನ ಅನುಭವಿಸಿದೆವೆಂದ ತಾಯಂದಿರ ಪ್ರಮಾಣ ಶೇ 20ರಿಂದ 13ಕ್ಕೆ ಇಳಿಯಿತು. ಪೂರ್ತಿ ಅಳಿಯಲಿಲ್ಲ, ನಿಜ. ಆದರೂ ದೇಶ ಶ್ರೀಮಂತವಾಗುವ ತನಕ ಕಾಯಬೇಕಾಗಿಲ್ಲ ಎಂದು ಅದು ತೋರಿಸಿಕೊಟ್ಟಿತು.

ಎರಡನೆಯ ಆಕ್ಷೇಪ ಅನುಭವಸ್ಥರದು: ಗದರದಿದ್ದರೆ ಆಕೆ ಮುಕ್ಕುವುದಿಲ್ಲ, ಮಗುವಿನ ಜೀವಕ್ಕೆ ಅಪಾಯ, ಪ್ರಾಣ ಉಳಿಸುವ ಹೊತ್ತಿನಲ್ಲಿ ಮರ್ಯಾದೆ ನೋಡುತ್ತಾ ಕೂರಲಾಗದು. ಹೆರಿಗೆಯಲ್ಲಿ ಕ್ಷಣಗಳು ಬೆಲೆಯುಳ್ಳವು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ತುರ್ತಿಗೆ ಬೇಕಾದದ್ದು ಸ್ಪಷ್ಟವಾದ, ಗಟ್ಟಿಯಾದ ಆದೇಶ. ಏಟಾಗಲೀ ಹೊಲಸು ಮಾತಾಗಲೀ ಆ ಆದೇಶಕ್ಕೆ ಏನನ್ನೂ ಸೇರಿಸುವುದಿಲ್ಲ. 'ಮಗುವಿನ ಎದೆಬಡಿತ ಇಳೀತಿದೆ, ಬೇಗ ಹೊರಗೆ ತರಬೇಕು, ಕತ್ತರಿಸ್ತೀನಿ ಅಮ್ಮಾ' ಎನ್ನಲು ಎಷ್ಟು ಹೊತ್ತು ಬೇಕು? ಧೈರ್ಯ ಹೇಳುವುದು ಹೆರಿಗೆಗೆ ಅಡ್ಡಿಯಾಗುವ ಬದಲು ನೆರವಾಗುತ್ತದೆ ಎಂಬುದಕ್ಕೆ ಬಲವಾದ ಸಾಕ್ಷ್ಯವಿದೆ. ಹದಿನೈದು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ 26 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಹೆರಿಗೆಯುದ್ದಕ್ಕೂ ಜೊತೆಗೊಬ್ಬರು ಇದ್ದ ತಾಯಂದಿರಲ್ಲಿ ಸಹಜ ಹೆರಿಗೆಗಳು ಹೆಚ್ಚು, ಸಿಸೇರಿಯನ್‌ಗಳು ಕಡಿಮೆ, ನೋವಿನ ಅವಧಿಯೂ ಚಿಕ್ಕದು. ಪಾವಗಡ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರು ಬಿಡದೆ ಪಕ್ಕದಲ್ಲಿರುವುದನ್ನೇ ಸೂಲಗಿತ್ತಿತನವೆಂದು ಬಲ್ಲವರು. ಹಳೆಯ ಮನೆಹೆರಿಗೆಯ ಸಾವುಗಳಿಗೆ ಹಿಂದಿರುಗಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಆಸ್ಪತ್ರೆ ಕೊಟ್ಟ ಸುರಕ್ಷತೆಗೆ ಬೆಲೆಯಾಗಿ ಆ ಜೊತೆಯನ್ನು ಬಿಟ್ಟುಕೊಡಬೇಕೆಂದು ಯಾವ ವಿಜ್ಞಾನವೂ ಹೇಳಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗಾತಿಯೊಬ್ಬಳು ಇರಲು ಕೇಂದ್ರ ಸರ್ಕಾರವೇ 2016ರಲ್ಲಿ ಒಪ್ಪಿದೆ. ಅವಳನ್ನು ಬಾಗಿಲಾಚೆ ನಿಲ್ಲಿಸದೆ ಜೊತೆಯಲ್ಲಿಟ್ಟುಕೊಂಡು ಕೆಲಸ ಮಾಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕು.

ಮೂರನೆಯವರು, ತರಬೇತಿಯೆಲ್ಲ ಮೃದು ಮಾತು, ಕಾನೂನು ಮಾಡಿ ಶಿಕ್ಷಿಸಿ ಎನ್ನುತ್ತಾರೆ. ವೆನೆಜುವೆಲಾ 2007ರಲ್ಲಿ, ಅರ್ಜೆಂಟೀನಾ 2009ರಲ್ಲಿ ಹೆರಿಗೆಯ ಸಮಯದ ದೌರ್ಜನ್ಯವನ್ನು ಹೆಸರಿಸಿ ಕಾನೂನು ಮಾಡಿವೆ. ಭಾರತದಲ್ಲೂ ಅಂಥ ಸ್ಪಷ್ಟತೆ ಬರುವುದು ಒಳ್ಳೆಯದೇ. ಆದರೆ ಶಿಕ್ಷೆ ಬರುವುದು ಅನಾಹುತ ಆದ ಮೇಲೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ, ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಇಲ್ಲವೆಂದು ಆಸ್ಪತ್ರೆಯಿಂದ ಹಿಂದಿರುಗಿಸಲ್ಪಟ್ಟ ಬಡ ಹೆಂಗಸು ಮತ್ತು ಆಕೆಯ ಅವಳಿ ಶಿಶುಗಳು ಮನೆಯಲ್ಲಿ ಸತ್ತಾಗ ಸಿಬ್ಬಂದಿ ಅಮಾನತಾದರು. ಅಮಾನತು ಬೇಕಿತ್ತು. ಆದರೆ ನೋವು ತಿನ್ನುತ್ತಿರುವ ಹೆಂಗಸಿಗಿಂತ ಕಾಗದ ಮುಖ್ಯವೆಂದು ಕಾಣುವ ಕಣ್ಣು ಅಮಾನತಿನಿಂದ ಬದಲಾಗುವುದಿಲ್ಲ. ಬೈಸಿಕೊಂಡ ತಾಯಿ ದೂರು ಕೊಡುವುದೂ ಅಪರೂಪ. ಮಗುವಿನ ಚುಚ್ಚುಮದ್ದಿಗೆ ಅವಳು ಅದೇ ಆಸ್ಪತ್ರೆಗೆ ಮತ್ತೆ ಬರಬೇಕು. ಕಾನೂನು ಮತ್ತು ದೂರು ವ್ಯವಸ್ಥೆ ಇರಲಿ, ಅವು ತರಬೇತಿಗೆ ಬೆನ್ನೆಲುಬಾಗಲಿ. ಆದರೆ ಸಾಕ್ಷಿಗಳಿಲ್ಲದ ನಡುರಾತ್ರಿಯ ಹೆರಿಗೆ ಕೋಣೆಯಲ್ಲಿ ತಾಯಿಯನ್ನು ಕಾಯಬಲ್ಲದ್ದು ಅಲ್ಲಿ ನಿಂತವರಿಗೆ ಮೈಗೂಡಿದ ಅಭ್ಯಾಸ ಮಾತ್ರ.

ರಾಜ್ಯದ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಆದ್ದರಿಂದ ಬದಲಾವಣೆಯನ್ನು ಒಂದೇ ಕಡೆಯಿಂದ ಶುರುಮಾಡಬಹುದು, ಮತ್ತು ಶುರುಮಾಡಬೇಕಾದ ಜಾಗ ಪರೀಕ್ಷೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಕೇಳುವುದನ್ನು ಕಲಿಯುತ್ತಾರೆ, ಅಧ್ಯಾಪಕರು ಪರೀಕ್ಷೆಯಲ್ಲಿ ಬರುವುದನ್ನು ಕಲಿಸುತ್ತಾರೆ. ಮಗುವನ್ನು ಸುರಕ್ಷಿತವಾಗಿ ಹೊರತೆಗೆದು ತಾಯಿಯನ್ನು ಅವಮಾನಿಸಿದ ವಿದ್ಯಾರ್ಥಿಯನ್ನು ಇಂದು ನಾವು ತೇರ್ಗಡೆ ಮಾಡಿ ಕಳಿಸುತ್ತೇವೆ. ಆ ಕ್ಷಣವೇ ಅವಮಾನಕ್ಕೆ ಪದವಿಯ ಮುದ್ರೆ ಬೀಳುತ್ತದೆ. ಅಂಥ ವಿದ್ಯಾರ್ಥಿಗೆ ಕೆಲಸ ಇನ್ನೂ ಬಂದಿಲ್ಲ, ಮತ್ತೊಮ್ಮೆ ಕಲಿತು ಬರಲಿ ಎಂದು ಹೇಳುವ ಗಟ್ಟಿತನ ನಮ್ಮ ಪರೀಕ್ಷಕರಿಗೆ ಬರಬೇಕು, ಮತ್ತು ಹಾಗೆ ಹೇಳುವ ಹಕ್ಕು ಉಳಿಯಬೇಕಾದರೆ ಮೊದಲು ಅವರೇ ತಮ್ಮ ವಾರ್ಡುಗಳಲ್ಲಿ ತಾಯಂದಿರೊಡನೆ ಗೌರವದಿಂದ ನಡೆದುಕೊಳ್ಳಬೇಕು.