ಶಾಲೆ ಬದಲಾದರೂ ಮಗು ಒಂದೇ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎರಡಿವೆ. ಒಂದು ಯಲಹಂಕದ ಮಗ್ಗುಲಿನದು, ಹಕ್ಕಿಗಳ ಕೆರೆಯಿಂದ ಹೆಸರಾದದ್ದು. ಇನ್ನೊಂದು ಜೆ.ಪಿ. ನಗರದ ಕಡೆಯದು, ಅಲ್ಲೂ ಕೆರೆಯಿದೆ. ಶಾಲೆಯನ್ನು ಬರೀ ಊರಿನ ಹೆಸರಿನಿಂದ ಗುರುತಿಸಿದರೆ ಇಲ್ಲಿಯ ಮಕ್ಕಳು ಅಲ್ಲಿಯ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಅದಕ್ಕೇ ದೇಶದ ಶಾಲೆಗಳ ಮಾಹಿತಿ ವ್ಯವಸ್ಥೆಯಾದ ಯು-ಡೈಸ್‌ನಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಖ್ಯೆಯಿದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಜಿಲ್ಲೆ, ಬ್ಲಾಕ್, ಹಳ್ಳಿ ಅಥವಾ ವಾರ್ಡು, ಕೊನೆಗೆ ಶಾಲೆ. ಸಂಖ್ಯೆಯೊಳಗೇ ಜಿಲ್ಲೆಯನ್ನು ಅಡಗಿಸುವುದರಲ್ಲಿ ತೊಡಕೂ ಉಂಟು: 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದಾಗ ಹೊಸಪೇಟೆಯ ಶಾಲೆಗಳು ಕದಲಲಿಲ್ಲ, ಜಿಲ್ಲೆ ಬದಲಾಯಿತು.

ಶಾಲೆ ಇದ್ದಲ್ಲೇ ಇರುತ್ತದೆ, ಮಗು ಇರುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಕುಟುಂಬಗಳು ಕಟ್ಟಡ ಮುಗಿದೊಡನೆ ಶೆಡ್ಡು ಬಿಚ್ಚಿಕೊಂಡು ಮುಂದಿನ ಸೈಟಿಗೆ ಹೊರಡುತ್ತವೆ. ಹಳೆಯ ದಾಖಲಾತಿ ಪುಸ್ತಕದಲ್ಲಿ ಅಂಥ ಮಗುವಿಗೆ ಇರುವುದು ಒಂದೇ ಸಾಲು. ಕ್ರಮಸಂಖ್ಯೆ, ಹೆಸರು, ತಂದೆ-ತಾಯಿ, ಹುಟ್ಟಿದ ದಿನ, ಸೇರಿದ ತರಗತಿ; ಕೊನೆಯ ಕಲಮಿನಲ್ಲಿ ಟಿ.ಸಿ. ಕೊಟ್ಟ ತಾರೀಖು. ಮುಂದಿನ ಶಾಲೆಯಲ್ಲಿ ಅದೇ ಮಗುವಿಗೆ ಹೊಸ ಪುಸ್ತಕ, ಹೊಸ ಸಂಖ್ಯೆ. ವಿದ್ಯಾರ್ಥಿಗಳ ದಾಖಲೆ ಇಡುವ ಕರ್ನಾಟಕದ ವ್ಯವಸ್ಥೆ ಸ್ಯಾಟ್ಸ್ ಮಾಡಿದ ದೊಡ್ಡ ಕೆಲಸವೆಂದರೆ ಸಂಖ್ಯೆಯನ್ನು ಪುಸ್ತಕದಿಂದ ಬಿಡಿಸಿ ಮಗುವಿಗೆ ಕಟ್ಟಿದ್ದು. ಶಾಲೆಗೆ ಇಷ್ಟು ಮಕ್ಕಳು ಎಂದು ತಲೆ ಎಣಿಸುತ್ತಿದ್ದ ಯು-ಡೈಸ್ ಕೂಡ 2022-23ರಿಂದ ಒಬ್ಬೊಬ್ಬ ಮಗುವಿನ ವಿವರ ಕೇಳುತ್ತಿದೆ.

ಇಂಥ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ದತ್ತಾಂಶ ಮಾದರಿಯ ಜೀವ ಇರುವುದು ಇಲ್ಲಿಯೇ. ಮಗುವಿಗೊಂದು ಕೋಷ್ಟಕ, ಶಾಲೆಗೊಂದು ಕೋಷ್ಟಕ, ನಡುವೆ ದಾಖಲಾತಿಗೇ ಬೇರೆಯದೊಂದು ಇರಬೇಕು: ಯಾವ ಮಗು, ಯಾವ ಶಾಲೆ, ಯಾವ ದಿನದಿಂದ ಯಾವ ದಿನದವರೆಗೆ. ಮಗುವಿನ ಸಾಲಿನಲ್ಲೇ ಶಾಲೆಯನ್ನೂ ಬರೆದರೆ, ಹೊಸದು ತುಂಬಿದ ಕೂಡಲೇ ಹಳೆಯದು ಅಳಿಸಿಹೋಗುತ್ತದೆ. ಎರಡು ಶಾಲೆಗಳ ನಡುವೆ ಮಗು ಮೂರು ತಿಂಗಳು ಎಲ್ಲಿಯೂ ಕಲಿಯದೆ ಕಳೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ತುರ್ತಾಗಿ ಕಾಣಬೇಕಾದದ್ದು ಆ ಮೂರು ತಿಂಗಳೇ.

ಕಲಿಕೆಯನ್ನು ದಾಖಲಿಸುವುದು ಇನ್ನೂ ಕಷ್ಟ. ಗಣಿತದಲ್ಲಿ 42 ಎಂಬ ಅಂಕವನ್ನು ಕೂಡುವುದು ಸುಲಭ. ಮಗುವಿಗೆ ದಶಕ ತೆಗೆದುಕೊಂಡು ಕಳೆಯುವುದು ಬಾರದೋ, ಭಾಗಾಕಾರ ಬಾರದೋ ಅದರಿಂದ ತಿಳಿಯದು. ಇದಕ್ಕೆ ಒಳ್ಳೆಯ ಮಾದರಿ ಕಂಪ್ಯೂಟರಿಗಿಂತ ಮೊದಲೇ ನಮ್ಮ ಶಾಲೆಗಳಿಗೆ ಬಂದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಮೈಲಿಗಲ್ಲುಗಳಿರುತ್ತವೆ. ಮಗು ತನ್ನ ಮೆಟ್ಟಿಲು ನೋಡಿ ಅದರ ಕಾರ್ಡು ತೆಗೆದುಕೊಳ್ಳುತ್ತದೆ. ಹದಿನೈದು ದಿನ ಗೈರಾಗಿ ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಗು, ಮೆಟ್ಟಿಲು, ಮುಗಿಸಿದ ದಿನ ಎಂಬ ಮೂರು ಕಲಮುಗಳಲ್ಲಿ ಇದಿಷ್ಟೂ ಹಿಡಿಯುತ್ತದೆ, ಮಗುವಿನ ಜೊತೆ ಮುಂದಿನ ಶಾಲೆಗೂ ಹೋಗುತ್ತದೆ.

ಉಳಿದದ್ದು ಹೆಸರು. ಹಳೇ ಮೈಸೂರಿನ ಮಗುವಿಗೆ ಇನಿಷಿಯಲ್, ಕಲಬುರಗಿಯ ಮಗುವಿಗೆ ಅಡ್ಡಹೆಸರು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳಿಗೆ ಇವರಿಬ್ಬರನ್ನೂ ತುರುಕುವುದು ತಪ್ಪು. ಮನೆಯವರು ಹೇಳಿದ ಪೂರ್ಣ ಹೆಸರಿಗೆ ಒಂದೇ ಖಾನೆ ಸಾಕು. ಮಂಜುನಾಥ ಎಂಬ ಹುಡುಗನ ಇಂಗ್ಲಿಷ್ ಹೆಸರಿನ ಕೊನೆಗೆ ಒಂದು ‘ಎ’ ಹೆಚ್ಚಾದರೆ ಆಧಾರ್ ಜೊತೆ ತಾಳೆಯಾಗದು. ಅದನ್ನು ತಿದ್ದಿದಾಗ ಹಳೆಯ ರೂಪವೂ ತಿದ್ದಿದ ತಾರೀಖಿನ ಸಮೇತ ಉಳಿಯಬೇಕು, ಅವನ ಹಿಂದಿನ ಟಿ.ಸಿ.ಯಲ್ಲಿ ಇರುವುದು ಅದೇ.