ಚಳಿಯಲ್ಲಿ ತಿಳಿಯುವ ಒಡೆತನ

ಸಿಲಿಂಡರಿನಲ್ಲಿ ಗ್ಯಾಸ್ ಇದೆ. ಎತ್ತಿದರೆ ಭಾರ ತಿಳಿಯುತ್ತದೆ, ಅಲ್ಲಾಡಿಸಿದರೆ ಒಳಗೆ ತುಳುಕುವ ಸದ್ದೂ ಕೇಳುತ್ತದೆ. ಆದರೂ ಒಲೆ ಹೊತ್ತುತ್ತಿಲ್ಲ, ಹೀಟರ್ ಹತ್ತಿದ ಹಾಗೆ ಮಾಡಿ ಆರಿಹೋಗುತ್ತಿದೆ. ಬ್ರಿಟನ್ನಿನ ಜನವರಿಯ ರಾತ್ರಿಯಲ್ಲಿ, ಕಾರಿನ ಹಿಂದೆ ಎಳೆದುಕೊಂಡು ಬಂದ ಕ್ಯಾರವಾನಿನೊಳಗೆ ಕೂತವರಿಗೆ ಈ ಪಾಠ ಆಗುವುದುಂಟು. ಅಲ್ಲಿ ನೀಲಿ ಸಿಲಿಂಡರಿನಲ್ಲಿ ಸಿಗುವ ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ವಸ್ತು. ಅದಕ್ಕಿಂತ ಚಳಿಯಾದರೆ ದ್ರವವಾಗಿಯೇ ಕೂತುಬಿಡುತ್ತದೆ. ಕೆಂಪು ಸಿಲಿಂಡರಿನ ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಚಳಿಗಾಲಕ್ಕೆ ಅದೇ ಬೇಕು. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿ ಇವೆರಡೂ ಬೆರೆತೇ ಇರುತ್ತವೆ. ಇವುಗಳ ಗುಣಭೇದವನ್ನು ತೋರಿಸಿಕೊಡುವಷ್ಟು ಚಳಿ ನಮ್ಮೂರಿನಲ್ಲಿ ಬೀಳುವುದಿಲ್ಲ. ಹಾಗಾಗಿ ತಿಳಿಯದೆಯೇ ನಮ್ಮ ಅಡುಗೆ ನಡೆದುಹೋಗುತ್ತದೆ.

ಏನೂ ತಿಳಿಯದೆ ವರ್ಷಗಟ್ಟಲೆ ಬಳಸಬಹುದಾದ ವಸ್ತುಗಳಿವೆ, ತಿಳಿಯದಿದ್ದರೆ ಒಂದು ರಾತ್ರಿಯೂ ಸಾಗದ ವಸ್ತುಗಳಿವೆ. ದುಡ್ಡು ಕೊಟ್ಟು ರಸೀದಿ ಪಡೆದ ಮಾತ್ರಕ್ಕೆ ಎರಡನ್ನೂ ಒಂದೇ ಅರ್ಥದಲ್ಲಿ ‘ನನ್ನದು’ ಎನ್ನಬಹುದೆ?

ಕ್ಯಾರವಾನ್ ಎಂದೊಡನೆ ನಮ್ಮಲ್ಲಿ ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಟನಟಿಯರಿಗಾಗಿ ನಿಂತ ಬಸ್ಸು ಕಣ್ಣ ಮುಂದೆ ಬರುತ್ತದೆ. ಬ್ರಿಟನ್ನಿನ ಟೂರಿಂಗ್ ಕ್ಯಾರವಾನಿಗೆ ಎಂಜಿನ್ ಇಲ್ಲ. ಹಾಸಿಗೆ, ಒಲೆ, ಶೌಚಾಲಯ ಎಲ್ಲವನ್ನೂ ಹೊತ್ತು ಕಾರಿನ ಕೊಂಡಿಗೆ ಸಿಕ್ಕಿಕೊಂಡು ಬರುವ ಪುಟ್ಟ ಮನೆ ಅದು. ವಿಹಾರಕ್ಕೆಂದೇ ಇಂಥ ಮನೆ ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸದ ಕತೆಗಳನ್ನು ಬರೆದವನು. 1885ರಲ್ಲಿ ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಎಂಬ ಬಂಡಿ ಮಾಡಿಸಿ, ಎರಡು ಕುದುರೆ ಹೂಡಿ, ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದ. ಜಿಪ್ಸಿಗಳ ಬಾಳನ್ನು ಮೆಚ್ಚಿ ತನ್ನನ್ನೂ ‘ಸಭ್ಯ ಜಿಪ್ಸಿ’ ಎಂದು ಕರೆದುಕೊಂಡ. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಕುದುರೆಯ ಜಾಗಕ್ಕೆ ಕಾರು ಬಂತು. ಶ್ರೀಮಂತರ ಬೇಸಿಗೆಯ ಶೋಕಿ ನಿಧಾನವಾಗಿ ಮಧ್ಯಮವರ್ಗದ ಮನೆಯಂಗಳಕ್ಕೆ ಬಂದು ನಿಂತಿತು.

ನಿಂತಿತು ಎಂಬ ಮಾತೇ ಆಕ್ಷೇಪದ ಮೂಲ. ವರ್ಷದಲ್ಲಿ ಕೆಲವೇ ವಾರ ಓಡಿ ಉಳಿದ ಕಾಲವೆಲ್ಲ ನಿಂತಿರುವ ಗಾಡಿಯನ್ನು ಕೊಳ್ಳುವುದು ಜಾಣತನವೆ? ವಿಮೆ, ವರ್ಷಕ್ಕೊಮ್ಮೆ ಸರ್ವಿಸ್, ಅಂಗಳವಿಲ್ಲದವರಿಗೆ ನಿಲ್ಲಿಸುವ ಜಾಗದ ಬಾಡಿಗೆ, ಇವೆಲ್ಲದರ ಜೊತೆ ವರ್ಷದಿಂದ ವರ್ಷಕ್ಕೆ ಇಳಿಯುವ ಬೆಲೆ. ಕೂಡಿಸಿ ನೋಡಿದರೆ ಆ ಹಣದಲ್ಲಿ ಒಳ್ಳೆಯ ಹೋಟೆಲಿನಲ್ಲಿ ಹಾಯಾಗಿ ಇದ್ದು ಬರಬಹುದು. ಬೇಕೆನಿಸಿದಾಗ ಕ್ಯಾರವಾನನ್ನೇ ಬಾಡಿಗೆಗೆ ತರಬಹುದು. ಒಡೆಯರು ಇದಕ್ಕೆ ಕೊಡುವ ಉತ್ತರ ‘ಸ್ವಾತಂತ್ರ್ಯ’. ಆದರೆ ಜುಲೈ ತಿಂಗಳ ಸ್ವಾತಂತ್ರ್ಯ ಬಾಡಿಗೆ ಗಾಡಿಯಲ್ಲೂ ಅಷ್ಟೇ ಸಿಗುತ್ತದೆ. ಬೇಸಿಗೆಯ ಮಟ್ಟಿಗೆ ಆಕ್ಷೇಪಿಸುವವರ ಲೆಕ್ಕವೇ ಸರಿ ಎಂದು ನನಗೆ ತೋರುತ್ತದೆ.

ಚಳಿಗಾಲ ಬಂದಾಗ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಮೊದಲನೆಯದಾಗಿ, ಬಿಸಿಗೆ ಅಲ್ಲಿ ಅಳತೆ ಬರುತ್ತದೆ. ಬಿಡಾರ ಹೂಡುವ ಜಾಗದಲ್ಲಿ ಕೊಡುವ ವಿದ್ಯುತ್ ಸಂಪರ್ಕ ಹತ್ತು ಆಂಪಿಯರಿನದಾದರೆ, 230 ವೋಲ್ಟಿನಲ್ಲಿ ಸಿಗುವುದು 2.3 ಕಿಲೋವ್ಯಾಟ್. ಎರಡು ಕಿಲೋವ್ಯಾಟಿನ ಹೀಟರ್ ಉರಿಯುತ್ತಿರುವಾಗ ಚಹಾಕ್ಕೆಂದು ಕೆಟಲ್ ಹಾಕಿದರೆ ವಿದ್ಯುತ್ತೇ ಕಡಿದುಹೋಗುತ್ತದೆ. ಚಹಾವೋ ಬಿಸಿಯೋ, ಒಂದನ್ನು ಆರಿಸಿಕೊಳ್ಳಬೇಕು. ಗ್ಯಾಸಿನಲ್ಲಿ ಅಷ್ಟೇ ಬಿಸಿ ಬೇಕೆಂದರೆ ಗಂಟೆಗೆ ಸುಮಾರು 150 ಗ್ರಾಂ ಪ್ರೊಪೇನ್ ಸುಡುತ್ತದೆ. ಆರು ಕಿಲೋ ಸಿಲಿಂಡರ್ ಎಡೆಬಿಡದೆ ಉರಿದರೆ ಎರಡು ದಿನವೂ ಬಾಳದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಲ್ಲಿ ಉಪದೇಶವಾಗಿ ಉಳಿಯದೆ ದಿನದ ವ್ಯವಹಾರವಾಗುತ್ತದೆ.

ಎರಡನೆಯದು, ಬಿಸಿಯನ್ನು ಹುಟ್ಟಿಸುವುದಕ್ಕಿಂತ ಹಿಡಿದಿಡುವುದು ದೊಡ್ಡದು. ಕುರಿಗಾಹಿಯ ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಮೈಯ ಬಿಸಿಯನ್ನು ಹೊರಗೆ ಬಿಡದೆ ಕಾಯುತ್ತದೆ. ಕ್ಯಾರವಾನಿನ ಗೋಡೆಯ ನಡುವಿನ ಫೋಮ್, ಎರಡು ಪದರದ ಕಿಟಕಿ, ರಾತ್ರಿ ಎಳೆಯುವ ಪರದೆ ಮಾಡುವುದೂ ಅದನ್ನೇ. ಯುರೋಪಿನ ಮಾನದಂಡದಲ್ಲಿ ಮೂರನೆಯ ದರ್ಜೆಯ ಕ್ಯಾರವಾನ್ ಎಂದರೆ, ಹೊರಗೆ ಮೈನಸ್ 15 ಡಿಗ್ರಿ ಇದ್ದರೂ ಒಳಗೆ 20 ಡಿಗ್ರಿ ಸಾಧಿಸಬೇಕು, ನಲ್ಲಿಯಲ್ಲಿ ನೀರೂ ಬರಬೇಕು.

ಮೂರನೆಯದು ಇದಕ್ಕೆ ತಿರುಗುಬಾಣ: ಎಲ್ಲವನ್ನೂ ಹಿಡಿದಿಡಹೊರಟರೆ ಅಪಾಯ. ನೆಲದ ಬಳಿಯೂ ಮಾಡಿನಲ್ಲೂ ಗಾಳಿಗಂಡಿಗಳಿರುತ್ತವೆ, ಅವುಗಳಿಂದ ಚಳಿಗಾಳಿ ನುಗ್ಗುತ್ತದೆ. ಬಟ್ಟೆ ತುರುಕಿ ಮುಚ್ಚುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಒಲೆ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆರುತ್ತ ಬಂದ ಬಾರ್ಬೆಕ್ಯೂ ಕೆಂಡವನ್ನು ಕಾಯಿಸಿಕೊಳ್ಳಲೆಂದು ಒಳಗಿಟ್ಟುಕೊಂಡು ನಿದ್ದೆಯಲ್ಲೇ ಸತ್ತವರಿದ್ದಾರೆ. ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆ, ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಮಾಡಿದ ಅನಾಹುತಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವನ್ನೆಲ್ಲ ಬಾಡಿಗೆಗೆ ತಂದವನೂ ಓದಿ ತಿಳಿಯಬಹುದಲ್ಲ ಎಂದು ಕೇಳಬಹುದು. ಸಾಮಾನ್ಯ ನಿಯಮಗಳನ್ನು ತಿಳಿಯಬಹುದು, ನಿಜ. ಆದರೆ ಯಾವ ಮೂಲೆಯಲ್ಲಿ ಬೆಳಗ್ಗೆ ನೀರಹನಿ ಕಟ್ಟುತ್ತದೆ, ಪಡುವಣ ಗಾಳಿ ಯಾವ ಸಂದಿಯಿಂದ ನುಸುಳುತ್ತದೆ, ಯಾವ ಕೊಳವೆ ಮೊದಲು ಹೆಪ್ಪುಗಟ್ಟುತ್ತದೆ ಎಂಬುದು ಒಂದೇ ಗಾಡಿಯಲ್ಲಿ ಎರಡು ಮೂರು ಚಳಿಗಾಲ ಕಳೆದವನಿಗಷ್ಟೇ ಗೊತ್ತು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಇವತ್ತು ಒದ್ದೆ ಕೋಟನ್ನು ಒಳಗೇ ಒಣಹಾಕಿದರೆ ಆ ತೇವ ಗೋಡೆಯ ಪ್ಲೈವುಡ್ಡಿಗೆ ಇಳಿದು ವರ್ಷಗಳ ಮೇಲೆ ಕೊಳೆಯಾಗಿ ಕಾಣಿಸಿಕೊಳ್ಳುತ್ತದೆ. ಹೊರಡುವಾಗ ಕೊಳವೆಗಳ ನೀರನ್ನು ಪೂರ್ತಿ ಬಸಿಯದಿದ್ದರೆ ಅದು ಮಂಜುಗಡ್ಡೆಯಾಗಿ, ಸುಮಾರು ಶೇಕಡ 9ರಷ್ಟು ಹಿಗ್ಗಿ ಹೀಟರನ್ನು ಒಡೆಯುತ್ತದೆ. ಬಾಡಿಗೆಯವನು ಅಷ್ಟರಲ್ಲಿ ಬೀಗದಕೈ ಒಪ್ಪಿಸಿ ಹೋಗಿರುತ್ತಾನೆ. ಈ ರಾತ್ರಿಯ ಸುಖಕ್ಕೂ ಮುಂದಿನ ವರ್ಷದ ನಷ್ಟಕ್ಕೂ ಒಬ್ಬನೇ ಉತ್ತರಿಸಬೇಕಾದ ಸ್ಥಿತಿಗೆ ನಾನು ಒಡೆತನ ಎನ್ನುತ್ತೇನೆ. ಮಿಕ್ಕದ್ದು ಬರೀ ಖರೀದಿ.

ಈ ವಾದಕ್ಕೆ ಒಂದು ಎಲ್ಲೆ ಹಾಕದಿದ್ದರೆ ಅನ್ಯಾಯವಾಗುತ್ತದೆ. ಚಳಿ ನಮಗೆ ಪಾಠ ಕಲಿಸುತ್ತದೆ ಎಂದು ಹೇಳಲು, ಪಾಠ ಸಾಕಾದ ದಿನ ವಾಪಸು ಹೋಗಲು ಒಂದು ಇಟ್ಟಿಗೆಯ ಮನೆ ಇರಬೇಕು. ಬ್ರಿಟನ್ನಿನಲ್ಲಿ ಕ್ಯಾರವಾನೇ ಮನೆಯಾದವರಿದ್ದಾರೆ: ತಲೆತಲಾಂತರದಿಂದ ಹೀಗೆಯೇ ಬಾಳಿದ ಜಿಪ್ಸಿಗಳು, ಬೇರೆ ಸೂರು ಸಿಗದೆ ಅಲ್ಲಿ ಸೇರಿಕೊಂಡ ಬಡವರು. ಸ್ಟೇಬಲ್ಸ್ ಜಿಪ್ಸಿಯೆಂಬ ಹೆಸರನ್ನು ಬೇಸಿಗೆಗೆ ಎರವಲು ಪಡೆದ. ನಿಜವಾದ ಜಿಪ್ಸಿಗಳು ಅದನ್ನು ಡಿಸೆಂಬರಿನಲ್ಲೂ ಹೊರಬೇಕು. ಜಿಪ್ಸಿಗಳಿಗೆ ಬೀಡುಬಿಡಲು ಜಾಗ ಒದಗಿಸುವುದು ಸ್ಥಳೀಯ ಆಡಳಿತಗಳ ಕರ್ತವ್ಯವೆಂದು 1968ರ ಕಾನೂನು ವಿಧಿಸಿತ್ತು. 1994ರ ಕಾನೂನು ಆ ಕರ್ತವ್ಯವನ್ನು ತೆಗೆದುಹಾಕಿತು. ಗಾಳಿಗಂಡಿ, ತೇವ, ಸಿಲಿಂಡರಿನ ತೂಕ ಇವರಿಗೂ ಗೊತ್ತು, ಹವ್ಯಾಸಿಗಳಿಗಿಂತ ಚೆನ್ನಾಗಿಯೇ ಗೊತ್ತು. ಆದರೆ ನಿಲ್ಲಲು ನೆಲೆಯಿಲ್ಲದವರ ಪಾಲಿಗೆ ಆ ಅರಿವು ಹೆಮ್ಮೆಯಾಗುವುದಿಲ್ಲ, ಹೊರೆಯಾಗುತ್ತದೆ. ಚಳಿಯನ್ನು ಹೊಗಳುವ ಹಕ್ಕು ಅದನ್ನು ಆರಿಸಿಕೊಂಡವರಿಗೆ ಮಾತ್ರ, ಅದೂ ತಮ್ಮ ಪಾಲಿನ ಚಳಿಯ ಬಗ್ಗೆ ಮಾತ್ರ.

ಹಾಗಾದರೆ ಕ್ಯಾರವಾನ್ ಕೊಳ್ಳಬೇಕೆ? ಬೇಸಿಗೆಯ ಎರಡು ವಾರಕ್ಕಾದರೆ ಬೇಡ, ಬಾಡಿಗೆಯೇ ಸಾಕು. ಜನವರಿಯಲ್ಲೂ ಅದರಲ್ಲಿ ಮಲಗುವ ಮನಸ್ಸಿದ್ದರೆ, ಬೆಳಗ್ಗೆ ಎದ್ದು ಕಿಟಕಿಯ ನೀರೊರೆಸುವ ತಾಳ್ಮೆಯಿದ್ದರೆ ಕೊಳ್ಳಿ. ಮೊದಲ ರಾತ್ರಿ ಹೊರಡುವ ಮುನ್ನ ಸಿಲಿಂಡರಿನ ಬಣ್ಣ ಒಮ್ಮೆ ನೋಡಿಕೊಳ್ಳಿ.